ಕನಾಲೆಸ್ ಬರೆದ 19 ದೂರುಗಳು

ಕಿಂಗ್ಸ್‌ವಿಲ್ ದಾಟಿ ಹೆದ್ದಾರಿ 77ರಲ್ಲಿ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆ ಊರುಗಳೇ ಮುಗಿದುಹೋಗುತ್ತವೆ. ಪೆಟ್ರೋಲ್ ಮೊದಲೇ ತುಂಬಿಸಿಕೊಂಡಿರಬೇಕು. ರಸ್ತೆಯ ಎರಡೂ ಕಡೆ ತಂತಿ ಬೇಲಿ. ಬೇಲಿಯಾಚೆ ಹುಲ್ಲು, ಹುಲ್ಲಿನ ನಡುವೆ ಜಾಲಿ. ನಾನು ಚಳ್ಳಕೆರೆ ಕಡೆಯವನು, ಕಾವಲು ಭೂಮಿ ನೋಡಿ ಬೆಳೆದವನು. ಇಲ್ಲಿಯವರು ಮೆಸ್ಕೀಟ್ ಅನ್ನುವ ಗಿಡ ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಅಂತ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮುಳ್ಳು ನೋಡಿದರೆ ಸಾಕು.

ಇದು ಟೆಕ್ಸಸ್‌ನ ಕೆನೆಡಿ ಕೌಂಟಿ, ಕೌಂಟಿ ಅಂದರೆ ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ. 2020ರ ಗಣತಿಯಲ್ಲಿ ಇಡೀ ಕೌಂಟಿಯಲ್ಲಿ ಸಿಕ್ಕಿದ್ದು 350 ಜನ. ಉಳಿದದ್ದೆಲ್ಲ ರ್ಯಾಂಚು, ದನ, ಗಾಳಿ. ಸರೀಟಾ, ಆರ್ಮ್‌ಸ್ಟ್ರಾಂಗ್ ಆದ ಮೇಲೆ ನೊರಿಯಾಸ್ ಅಂತ ಒಂದು ಜಾಗ ಬರುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ನಾನು ಮಾತ್ರ ಅಲ್ಲಿ ವೇಗ ಕಡಿಮೆ ಮಾಡಿದೆ. ಆ ಹೆಸರು ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಕೂತಿತ್ತು.

ಆಸ್ಟಿನ್‌ನ ಬುಲಕ್ ಮ್ಯೂಸಿಯಂನಲ್ಲಿ 2016ರಲ್ಲಿ ಒಂದು ಪ್ರದರ್ಶನ ನಡೆದಿತ್ತು. 1910ರಿಂದ 1920ರವರೆಗೆ ಟೆಕ್ಸಸ್-ಮೆಕ್ಸಿಕೋ ಗಡಿಯಲ್ಲಿ ಏನೇನಾಯಿತು ಅನ್ನುವುದರ ಬಗ್ಗೆ. ಅದನ್ನು ನೋಡಿ ಬಂದ ಮೇಲೆ ನಾನು ಓದಲು ಶುರು ಮಾಡಿದೆ. ಹಾಗೆ ಓದುವಾಗ ಒಂದು ಫೋಟೊ ಸಿಕ್ಕಿತು. 1915ರ ಆಗಸ್ಟ್‌ನದು, ನೊರಿಯಾಸ್‌ನಲ್ಲಿ ತೆಗೆದದ್ದು. ಕುದುರೆ ಮೇಲೆ ಕೂತ ಟೆಕ್ಸಸ್ ರೇಂಜರ್‌ಗಳು, ಅಂದರೆ ರಾಜ್ಯದ ಪೊಲೀಸ್ ಪಡೆಯವರು. ಅವರ ಕೈಯ ಹಗ್ಗ ಕೆಳಗೆ ಹುಲ್ಲಿನಲ್ಲಿ ಬಿದ್ದ ಹೆಣಗಳಿಗೆ ಬಿಗಿದಿದೆ. ದನ ಹಿಡಿಯುವ ಅದೇ ಹಗ್ಗ. ಈ ಫೋಟೊವನ್ನು ಆಗ ಅಂಚೆ ಕಾರ್ಡ್ ಮಾಡಿ ಮಾರಿದ್ದರು. ಜನ ಕೊಂಡು, ಹಿಂದೆ ಕ್ಷೇಮಸಮಾಚಾರ ಬರೆದು, ಸ್ಟ್ಯಾಂಪ್ ಹಚ್ಚಿ ಕಳಿಸುವಂಥ ಕಾರ್ಡ್. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇಂಥ ರೇಂಜರ್‌ಗಳ ಮೇಲೆ 19 ದೂರು ಬರೆದ ಟೆಹಾನೊ, ಅಂದರೆ ಮೆಕ್ಸಿಕನ್ ಮೂಲದ ಟೆಕ್ಸಸ್ ಶಾಸಕ ಕನಾಲೆಸ್ ಅವರ ಹೆಸರೂ ಆ ಓದಿನಲ್ಲೇ ಸಿಕ್ಕಿತು.

ಟೆಕ್ಸಸ್ ರೇಂಜರ್ಸ್ ಅಂದರೆ ನಮ್ಮ ಮನೆಯಲ್ಲಿ ಬೇಸ್‌ಬಾಲ್ ತಂಡ. ಮಗಳ ಹತ್ತಿರ ಅವರ ಟೋಪಿ ಇದೆ. ನದಿಯ ಅಂಚಿನ ಹಳೆಯ ಸ್ಪ್ಯಾನಿಷ್ ಮಾತನಾಡುವ ಮನೆಗಳಲ್ಲಿ ರೇಂಜರ್‌ಗೆ ಬೇರೆ ಹೆಸರಿತ್ತು. ರಿಂಚೆ. ಅದು ಪ್ರೀತಿಯಿಂದ ಕರೆಯುವ ಹೆಸರಲ್ಲ.

ಇಷ್ಟು ದ್ವೇಷ ಎಲ್ಲಿಂದ ಬಂತು? ಎರಡು ಜನಾಂಗ ಒಂದೇ ಕಡೆ ಇದ್ದರೆ ಜಗಳ ಆಗಿಯೇ ಆಗುತ್ತದೆ ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಈ ಸೀಮೆಯ ಕಥೆ ಓದಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ. ಅರವತ್ತು ವರ್ಷ ಇಲ್ಲಿ ಮೆಕ್ಸಿಕನ್ ಮೂಲದವರೂ ಬಿಳಿಯರೂ ಹೇಗೋ ಜೊತೆಗೆ ಬಾಳಿದ್ದರು. ಅದು ಸಮಾನವಾದ ಬಾಳು ಆಗಿರಲಿಲ್ಲ, ನಿಜ. ಆದರೆ ಅದನ್ನು ಮುರಿದದ್ದು ಅಧಿಕಾರ ಬೇಕು ಅಂದವರ ಲೆಕ್ಕಾಚಾರ.

ಹದಿನೆಂಟನೇ ಶತಮಾನದಲ್ಲೇ ಸ್ಪೇನ್ ದೊರೆಯ ಕೈಯಿಂದ ಭೂಮಿ ಪಡೆದ ಮನೆತನಗಳು ಈ ಹುಲ್ಲುಗಾವಲಿನಲ್ಲಿ ದನ ಸಾಕುತ್ತಿದ್ದವು. ಅವರೇ ಟೆಹಾನೊಗಳು. ಹಗ್ಗ ಎಸೆಯುವುದು, ಆ ತರಹದ ತಡಿ, ದನ ಕೂಡುವ ದೊಡ್ಡಿ, ಕೌಬಾಯ್ ಅಂದಾಗ ನಮ್ಮ ಕಣ್ಣಿಗೆ ಬರುವುದೆಲ್ಲ ಮೊದಲು ಅವರ ವಕೆರೊಗಳದ್ದು, ಅಂದರೆ ದನ ಕಾಯುವವರದ್ದು. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ 1848ರ ಒಪ್ಪಂದದಲ್ಲಿ ರಿಯೊ ಗ್ರಾಂಡೆ ನದಿ ಗಡಿಯಾಯಿತು. ಜನ ಇದ್ದಲ್ಲೇ ಇದ್ದರು, ದೇಶ ಅವರನ್ನು ದಾಟಿಕೊಂಡು ಹೋಯಿತು. ಆಮೇಲೆ ಬಂದವರು ರಿಚರ್ಡ್ ಕಿಂಗ್‌ನಂಥ ಆಂಗ್ಲೊಗಳು, ಅಂದರೆ ಇಂಗ್ಲಿಷ್ ಮಾತನಾಡುವ ಬಿಳಿಯರು. ಕಿಂಗ್ ನದಿಯಲ್ಲಿ ಉಗಿದೋಣಿ ನಡೆಸುತ್ತಿದ್ದ ಕ್ಯಾಪ್ಟನ್. 1853ರಲ್ಲಿ ಒಂದು ಟೆಹಾನೊ ಮನೆತನದವರಿಂದ ಸುಮಾರು 15,500 ಎಕರೆಯನ್ನು 300 ಡಾಲರಿಗೆ ಕೊಂಡ. ಎಕರೆಗೆ ಎರಡು ಸೆಂಟ್. ಮರುವರ್ಷ ಬರದಲ್ಲಿ ಕಂಗೆಟ್ಟಿದ್ದ ಕ್ರುಯಾಸ್ ಅನ್ನುವ ಮೆಕ್ಸಿಕನ್ ಹಳ್ಳಿಯ ದನಗಳನ್ನೆಲ್ಲ ಕೊಂಡು, ಆ ಹಳ್ಳಿಯ ಜನರನ್ನೂ ಕೆಲಸಕ್ಕೆ ಕರೆದುಕೊಂಡು ಬಂದ. ಅವರ ಮಕ್ಕಳು, ಮೊಮ್ಮಕ್ಕಳು ತಲೆಮಾರುಗಟ್ಟಲೆ ಅಲ್ಲೇ ದುಡಿದರು. ಕಿನೆನ್ಯೊಸ್ ಅಂತ ಅವರಿಗೆ ಹೆಸರು, ಅಂದರೆ ಕಿಂಗ್‌ನ ಜನ.

ಈ ಹೆಸರಿನಲ್ಲೇ ಆ ಕಾಲದ ರಾಜಕೀಯ ಎಲ್ಲ ಇದೆ. ಧಣಿಗೆ ಅಲ್ಲಿ ಪಾತ್ರೋನ್ ಅಂತ ಕರೆಯುತ್ತಿದ್ದರು. ಪಾತ್ರೋನ್ ಸಾಲ ಕೊಡುತ್ತಾನೆ, ಮದುವೆಗೆ ಬರುತ್ತಾನೆ, ಮಗುವಿಗೆ ಜ್ವರ ಬಂದರೆ ಡಾಕ್ಟರನ್ನು ಕರೆಸುತ್ತಾನೆ. ಚುನಾವಣೆ ಬಂದಾಗ ಆಳುಗಳು ಅವನು ಹೇಳಿದವರಿಗೆ ಮತ ಹಾಕುತ್ತಾರೆ. ಬ್ರೌನ್ಸ್‌ವಿಲ್‌ನ ವಕೀಲ ಜಿಮ್ ವೆಲ್ಸ್ ಈ ಮತಗಳನ್ನೆಲ್ಲ ಒಂದು ಕಡೆ ಕಟ್ಟಿ, ದಶಕಗಳ ಕಾಲ ದಕ್ಷಿಣ ಟೆಕ್ಸಸ್ ಆಳಿದರು. ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿತ್ತು. ಕಿಂಗ್ ರ್ಯಾಂಚಿನ ವಕೀಲಿಕೆಯೂ ಅವರದೇ. 1919ರಲ್ಲಿ ಒಂದು ಚುನಾವಣಾ ತಕರಾರಿನಲ್ಲಿ ಸಾಕ್ಷಿ ಹೇಳುವಾಗ ವೆಲ್ಸ್ ಇದನ್ನು ಮುಚ್ಚಿಡಲೂ ಇಲ್ಲ. ರ್ಯಾಂಚಿನವರು ತಮ್ಮ ಆಳುಗಳನ್ನು ಕಾಯಿಲೆಯಲ್ಲಿ ನೋಡಿಕೊಳ್ಳುತ್ತಾರೆ, ಹಸಿವಿಗೆ ಬಿಡುವುದಿಲ್ಲ, ಆ ಋಣಕ್ಕೆ ಅವರು ಮತ ಹಾಕುತ್ತಾರೆ, ಇದರಲ್ಲಿ ಕೊಳ್ಳುವ ಮಾತು ಎಲ್ಲಿಂದ ಬಂತು ಅನ್ನುವ ಅರ್ಥದಲ್ಲಿ ಹೇಳಿದರು. ಅವರು ಅದನ್ನು ಮನಸಾರೆ ನಂಬಿದ್ದರು ಅಂತಲೇ ನನಗೆ ಅನಿಸುತ್ತದೆ. 1902ರಲ್ಲಿ ಮತ ಹಾಕಲು ತಲೆಗಂದಾಯ ಬಂದಾಗ ಆಳುಗಳ ಕಂದಾಯವನ್ನು ಪಾತ್ರೋನ್‌ಗಳೇ ಕಟ್ಟಿದರು. ಆಳಿನ ಮತ ಉಳಿಯಿತು. ಆದರೆ ಅದು ಅವನ ಕೈಯಲ್ಲಿರಲಿಲ್ಲ.

ನನಗೆ ಈ ವ್ಯವಸ್ಥೆಯ ಮೇಲೆ ಮೋಹ ಇಲ್ಲ. ಆದರೂ ಒಂದು ಮಾತು ಹೇಳಬೇಕು. ಇದರಲ್ಲಿ ಟೆಹಾನೊ ಶೆರಿಫ್‌ಗಳಿದ್ದರು, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರು, ಕೌಂಟಿ ಅಧಿಕಾರಿಗಳಿದ್ದರು, ಸ್ವಂತ ರ್ಯಾಂಚ್ ಇದ್ದ ಟೆಹಾನೊ ಮನೆತನಗಳಿದ್ದವು. ಆಂಗ್ಲೊ ಧಣಿಗೆ ಅವರ ಮತ ಬೇಕಿತ್ತು, ಹಾಗಾಗಿ ಅವರ ಮರ್ಯಾದೆಯೂ ಸ್ವಲ್ಪ ಬೇಕಿತ್ತು.

1904ರಲ್ಲಿ ಬ್ರೌನ್ಸ್‌ವಿಲ್‌ಗೆ ರೈಲು ಬಂತು. ರೈಲಿನ ಜೊತೆ ಭೂಮಿ ಮಾರುವ ಕಂಪನಿಗಳು ಬಂದವು. ಉತ್ತರದ ರಾಜ್ಯಗಳ ರೈತರನ್ನು ರೈಲು ತುಂಬಿಸಿಕೊಂಡು ಬಂದು ಜಮೀನು ತೋರಿಸಿದರು. ಜಾಲಿ ಕಡಿದರು, ನದಿಯಿಂದ ಕಾಲುವೆ ತೋಡಿದರು. ಹಾರ್ಲಿಂಜನ್, ಮಕಾಲನ್‌ನಂಥ ಹೊಸ ಊರುಗಳು ಎದ್ದವು. ರೈಲು ಹಳಿಯ ಒಂದು ಕಡೆ ಆಂಗ್ಲೊಗಳ ಮನೆ, ಇನ್ನೊಂದು ಕಡೆ ಮೆಕ್ಸಿಕನ್ನರ ಮನೆ. ಭೂಮಿಯ ಬೆಲೆ ಏರಿತು, ಕಂದಾಯವೂ ಏರಿತು. ದನ ಸಾಕಿ ಬದುಕುತ್ತಿದ್ದ ಸಣ್ಣ ಟೆಹಾನೊ ರ್ಯಾಂಚಿನವರಿಗೆ ಕಟ್ಟಲಾಗಲಿಲ್ಲ. ಕೆಲವರು ಮಾರಿದರು, ಕೆಲವರದ್ದು ಹಕ್ಕುಪತ್ರದ ಕೋರ್ಟು ಕೇಸಿನಲ್ಲಿ ಹೋಯಿತು.

ಹೊಸಬರಿಗೆ ಕುರ್ಚಿ ಬೇಕಿತ್ತು. ವೆಲ್ಸ್ ಬಣವನ್ನು ಸೋಲಿಸಲು ಅವರಿಗೆ ಕಂಡ ದಾರಿ ಒಂದೇ, ಆ ಬಣಕ್ಕೆ ಮತ ಹಾಕುವವರಿಗೆ ಮತವೇ ಇರಬಾರದು. ಸ್ವಚ್ಛ ಆಡಳಿತ ಬೇಕು, ಭ್ರಷ್ಟಾಚಾರ ಹೋಗಬೇಕು ಅಂತ ಭಾಷಣ ಮಾಡಿದರು. ಭ್ರಷ್ಟಾಚಾರ ಇದ್ದದ್ದು ಸುಳ್ಳಲ್ಲ. ಆದರೆ ಕೊಂಡವನನ್ನು ಬಿಟ್ಟು ಮತ ಹಾಕಿದವನನ್ನು ಹಿಡಿದರು. ಪಶ್ಚಿಮದ ಡಿಮ್ಮಿಟ್ ಕೌಂಟಿಯಲ್ಲಿ 1914ರಲ್ಲಿ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರು ಮಾತ್ರ ಮತ ಹಾಕುವ ಪದ್ಧತಿಯೇ ಬಂತು. ನೆರೆಮನೆಯವನು ಮೆಕ್ಸಿಕನ್ ಅನ್ನುವುದು ಅಲ್ಲಿ ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದ ವಿಷಯ. ಈಗ ಅದನ್ನು ಎತ್ತಿ ಆಡಿದರೆ ಚುನಾವಣೆ ಗೆಲ್ಲಬಹುದಿತ್ತು.

ಅತ್ತ ನದಿಯಾಚೆ ಮೆಕ್ಸಿಕೋದಲ್ಲಿ ಕ್ರಾಂತಿ ಉರಿಯುತ್ತಿತ್ತು. 1915ರ ಜನವರಿಯಲ್ಲಿ ಮಕಾಲನ್‌ನಲ್ಲಿ ಒಬ್ಬನ ಹತ್ತಿರ ಒಂದು ದಸ್ತಾವೇಜು ಸಿಕ್ಕಿತು. ಡುವಾಲ್ ಕೌಂಟಿಯ ಸ್ಯಾನ್ ಡಿಯಾಗೊ ಊರಿನ ಹೆಸರು ಅದರ ಮೇಲಿತ್ತು. ಟೆಕ್ಸಸ್ ಸೇರಿ ಐದು ರಾಜ್ಯಗಳನ್ನು ಅಮೆರಿಕದಿಂದ ಬಿಡಿಸಬೇಕು, 16 ವರ್ಷ ಮೀರಿದ ಆಂಗ್ಲೊ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ಬರೆದಿತ್ತು. ಇದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಇಷ್ಟ ಇಲ್ಲ. ಅದು ಕೊಲೆಯ ಕರೆ. ಬೇಸಿಗೆಯಲ್ಲಿ ದಾಳಿಗಳು ಶುರುವಾದವು. ಆಗಸ್ಟ್ 6ರಂದು ಸೆಬಾಸ್ಟಿಯನ್ ಅನ್ನುವ ಊರಿನಲ್ಲಿ ಆಸ್ಟಿನ್ ಅನ್ನುವ ಅಪ್ಪ, ಮಗ ಇಬ್ಬರನ್ನು ಗುಂಡಿಕ್ಕಿದರು. ಆಗಸ್ಟ್ 8ರಂದು ಸುಮಾರು 60 ಜನ ಕಿಂಗ್ ರ್ಯಾಂಚಿನ ನೊರಿಯಾಸ್ ಮನೆಗೆ ನುಗ್ಗಿದರು. ಅಲ್ಲಿ ದಾಳಿಕೋರರ ಕೈಯಲ್ಲಿ ಸತ್ತವಳು ಮನುಯೆಲಾ ಫ್ಲೋರೆಸ್ ಅನ್ನುವ ಮೆಕ್ಸಿಕನ್ ಹೆಂಗಸು. ಮರುದಿನ ರೇಂಜರ್‌ಗಳು ಬಂದರು, ಸತ್ತ ದಾಳಿಕೋರರಿಗೆ ಹಗ್ಗ ಬಿಗಿದರು, ಆ ಫೋಟೊ ತೆಗೆಸಿಕೊಂಡರು.

ದಂಗೆಯ ಮುಖಂಡರಲ್ಲಿ ಒಬ್ಬ ಅನಿಸೆತೊ ಪಿಸಾನ್ಯಾ, ಬ್ರೌನ್ಸ್‌ವಿಲ್ ಹತ್ತಿರದ ಸಣ್ಣ ರ್ಯಾಂಚಿನ ಒಡೆಯ. ಆಗಸ್ಟ್ 3ರಂದು ಸೈನಿಕರು ಮತ್ತು ಪೊಲೀಸರು ಅವನ ಮನೆ ಮೇಲೆ ಬಿದ್ದಾಗ ಅವನ ಚಿಕ್ಕ ಮಗನಿಗೆ ಗುಂಡು ತಗುಲಿ ಕಾಲು ಹೋಯಿತು. ಆ ದಿನ ಆಗಿರದಿದ್ದರೆ ಪಿಸಾನ್ಯಾ ಏನು ಮಾಡುತ್ತಿದ್ದ ಅಂತ ನಾನು ತುಂಬಾ ಯೋಚಿಸಿದ್ದೇನೆ.

ಆಮೇಲೆ ನಡೆದದ್ದನ್ನು ಅಲ್ಲಿಯ ಜನ ಲಾ ಮತಾನ್ಸಾ ಅನ್ನುತ್ತಾರೆ, ಕಗ್ಗೊಲೆ. ರೇಂಜರ್‌ಗಳು, ಶೆರಿಫ್‌ನ ಆಳುಗಳು, ಬಂದೂಕು ಹಿಡಿದ ನಾಗರಿಕರು ಸೇರಿ ಸಿಕ್ಕ ಸಿಕ್ಕ ಮೆಕ್ಸಿಕನ್ನರನ್ನು ಕೊಂದರು. ವಿಚಾರಣೆ ಇಲ್ಲ, ಕೋರ್ಟ್ ಇಲ್ಲ. ಸತ್ತವರು ಕೆಲವು ನೂರು ಅನ್ನುವ ಇತಿಹಾಸಕಾರರಿದ್ದಾರೆ, ಸಾವಿರ ದಾಟಿತು ಅನ್ನುವವರೂ ಇದ್ದಾರೆ. ಎಷ್ಟೋ ಕುಟುಂಬಗಳು ದನ, ಮನೆ ಬಿಟ್ಟು ನದಿ ದಾಟಿ ಓಡಿದವು.

ಒಂದು ಘಟನೆ ಮಾತ್ರ ಹೇಳುತ್ತೇನೆ. ಹೆಸೂಸ್ ಬಸಾನ್ ಅನ್ನುವ ಹಿರಿಯ ರ್ಯಾಂಚ್ ಒಡೆಯ, ಅವರ ಅಳಿಯ ಅಂತೋನಿಯೊ ಲೊಂಗೊರಿಯಾ. ಇಬ್ಬರೂ ಅಮೆರಿಕದ ಪ್ರಜೆಗಳು. ದಂಗೆಕೋರರು ಇವರ ಕುದುರೆ ಕದ್ದರು. ದೂರು ಕೊಟ್ಟರೆ ದಂಗೆಕೋರರ ಭಯ, ಕೊಡದಿದ್ದರೆ ನೀವೂ ಅವರ ಕಡೆಯವರೇ ಅಂತ ರೇಂಜರ್‌ಗಳ ಭಯ. ಯೋಚನೆ ಮಾಡಿ ಕಾನೂನಿನ ದಾರಿ ಹಿಡಿದರು. 1915ರ ಸೆಪ್ಟೆಂಬರ್ 27ರಂದು ರೇಂಜರ್‌ಗಳ ಹತ್ತಿರ ಹೋಗಿ ದೂರು ಕೊಟ್ಟು ಮನೆ ಕಡೆ ಕುದುರೆ ತಿರುಗಿಸಿದರು. ಹಿಂದಿನಿಂದ ಕಾರು ಬಂತು, ಗುಂಡು ಹಾರಿತು. ಹೆಣ ದಾರಿಯಲ್ಲೇ ಬಿದ್ದಿತ್ತು. ಎತ್ತಲು ಎಲ್ಲರಿಗೂ ಹೆದರಿಕೆ. ಎರಡು ದಿನ ಆದ ಮೇಲೆ, ಕಣ್ಣಾರೆ ಕಂಡಿದ್ದ ರೋಲಂಡ್ ವಾರ್ನಾಕ್ ಅನ್ನುವ ಹುಡುಗ ಕೌಬಾಯ್ ಬಂದು ಮಣ್ಣು ಮಾಡಿದ. ಅವನು ಆಂಗ್ಲೊ. ಮುದುಕನಾದ ಮೇಲೆ ಮೊಮ್ಮಗನಿಗೆ ಇದನ್ನೆಲ್ಲ ಹೇಳಿದ, ಹಾಗಾಗಿ ನಮಗೆ ಗೊತ್ತಾಯಿತು. ಇಡೀ ಕಥೆಯಲ್ಲಿ ನನಗೆ ಸ್ವಲ್ಪ ಉಸಿರು ಬಿಡಲು ಜಾಗ ಕೊಟ್ಟವನು ಆ ಹುಡುಗ.

ಇನ್ನು ಕನಾಲೆಸ್ ಅವರ ವಿಷಯ. ಈ ಬರಹ ಬರೆಯಲು ಕೂತದ್ದೇ ಅವರಿಗಾಗಿ.

ಹೊಸೆ ತೊಮಾಸ್ ಕನಾಲೆಸ್ ಹುಟ್ಟಿದ್ದು 1877ರಲ್ಲಿ, ದೊಡ್ಡ ರ್ಯಾಂಚಿನ ಟೆಹಾನೊ ಮನೆತನದಲ್ಲಿ. ಅವರ ಬಂಧುಬಳಗದಲ್ಲಿ ಹುವಾನ್ ಕೊರ್ತಿನಾ ಇದ್ದ. 1859ರಲ್ಲಿ ಬ್ರೌನ್ಸ್‌ವಿಲ್ ಬೀದಿಯಲ್ಲಿ ತನ್ನ ಹಳೆಯ ಆಳನ್ನು ಹೊಡೆಯುತ್ತಿದ್ದ ಊರಿನ ಪೊಲೀಸ್ ಮಾರ್ಷಲ್‌ಗೆ ಗುಂಡು ಹಾರಿಸಿ, ಆಳನ್ನು ಕುದುರೆ ಮೇಲೆ ಎತ್ತಿಕೊಂಡು ಹೋದವನು, ಆಮೇಲೆ ಬಂಡೆದ್ದು ಆ ಊರನ್ನೇ ಹಿಡಿದವನು. ಕನಾಲೆಸ್ ಬಂದೂಕಿನ ದಾರಿ ಹಿಡಿಯಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು, 1899ರಲ್ಲಿ ಪದವಿ ಪಡೆದರು. ವೆಲ್ಸ್ ಬಣದ ಬೆಂಬಲದಿಂದ 1905ರಲ್ಲಿ ಟೆಕ್ಸಸ್ ಶಾಸನಸಭೆಗೆ ಹೋದರು. ಅವರಿಗೆ ರಾಜಕೀಯದ ಆಸೆ ಇತ್ತು, ಅದನ್ನು ಮುಚ್ಚಿಟ್ಟವರಲ್ಲ. ಮದ್ಯ ನಿಷೇಧದ ವಿಷಯಕ್ಕೆ ವೆಲ್ಸ್ ಜೊತೆ ಮುನಿಸಿಕೊಂಡರು, ಕೌಂಟಿ ನ್ಯಾಯಾಧೀಶ ಸ್ಥಾನಕ್ಕೆ ನಿಂತು ಸೋತರು, ಕೌಂಟಿಯ ಶಾಲೆಗಳನ್ನು ನೋಡಿಕೊಂಡರು, 1917ರಲ್ಲಿ ಮತ್ತೆ ಶಾಸನಸಭೆಗೆ ಬಂದರು. 1915ರ ದಂಗೆಯ ಹೊತ್ತಿನಲ್ಲಿ ಟೆಹಾನೊ ಹುಡುಗರ ಪಡೆ ಕಟ್ಟಿ, ದಾಳಿಕೋರರ ಸುಳಿವು ಹಿಡಿಯಲು ಅಮೆರಿಕ ಸೈನ್ಯಕ್ಕೆ ಸಹಾಯ ಮಾಡಿದ್ದರು. ಅಂದರೆ ಇವರ ದೇಶನಿಷ್ಠೆಯ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೂ ತೋರಿಸಿದರು, ಅದು ಮುಂದೆ ಬರುತ್ತದೆ.

1918ರ ಜನವರಿ 28ರ ರಾತ್ರಿ ಪಶ್ಚಿಮ ಟೆಕ್ಸಸ್‌ನ ಪೊರ್ವೆನಿರ್ ಅನ್ನುವ ನದಿದಂಡೆಯ ಹಳ್ಳಿಗೆ ರೇಂಜರ್‌ಗಳು, ನಾಲ್ಕು ಜನ ರ್ಯಾಂಚಿನವರು, ಜೊತೆಗೆ ಸೈನಿಕರು ಬಂದರು. ಹತ್ತಿರದ ಬ್ರೈಟ್ ರ್ಯಾಂಚ್ ಮೇಲೆ ಕ್ರಿಸ್ಮಸ್ ದಿನ ದಾಳಿ ಆಗಿತ್ತು, ಈ ಹಳ್ಳಿಯ ಮೇಲೆ ಅನುಮಾನ. ಗಂಡಸರನ್ನೂ ಹುಡುಗರನ್ನೂ ನಿದ್ದೆಯಿಂದ ಎಬ್ಬಿಸಿ ಕರೆದುಕೊಂಡು ಹೋಗಿ 15 ಜನರನ್ನು ಕೊಂದರು. ಕಿರಿಯವನಿಗೆ 16 ವರ್ಷ. ಹಿರಿಯರಿಗೆ 72. ಉಳಿದ ಹಳ್ಳಿ ನದಿ ದಾಟಿ ಮೆಕ್ಸಿಕೋಗೆ ಓಡಿತು. ಆ ತುಕಡಿಯ ಕ್ಯಾಪ್ಟನ್ ಮನ್ರೋ ಫಾಕ್ಸ್. ನೊರಿಯಾಸ್‌ನ ಅಂಚೆ ಕಾರ್ಡಿನಲ್ಲಿ ಕುದುರೆ ಮೇಲೆ ಕೂತವರಲ್ಲಿ ಅವನೂ ಒಬ್ಬ. ಗವರ್ನರ್ ಹಾಬಿ ಕೊನೆಗೆ ತುಕಡಿಯನ್ನು ವಿಸರ್ಜಿಸಿದಾಗ, ಇದು ಚುನಾವಣೆಗೆ ಮೆಕ್ಸಿಕನ್ ಮತ ಗಳಿಸಲು ಮಾಡಿದ ಕೆಲಸ ಅಂತ ಫಾಕ್ಸ್ ದೂರಿದ. 15 ಹೆಣದ ಮುಂದೆ ನಿಂತೂ ಅವನಿಗೆ ಕಂಡದ್ದು ಮತದ ಲೆಕ್ಕವೇ.

ಕನಾಲೆಸ್ ಹತ್ತಿರ ದಕ್ಷಿಣದಿಂದಲೂ ದೂರುಗಳು ಬರುತ್ತಿದ್ದವು. ಅವರು ಗವರ್ನರ್‌ಗೆ ಬರೆದರು. ಆಗ ಫ್ರಾಂಕ್ ಹೇಮರ್ ಅನ್ನುವ ರೇಂಜರ್ ಬ್ರೌನ್ಸ್‌ವಿಲ್‌ನಲ್ಲಿ ಅವರನ್ನು ತಡೆದು, ಈ ದೂರು ಕೊಡುವುದು ನಿಲ್ಲಿಸದಿದ್ದರೆ ನಿನಗೆ ಪೆಟ್ಟಾಗುತ್ತದೆ ಅಂದ. ಮುಂದೆ 1934ರಲ್ಲಿ ಬಾನಿ ಮತ್ತು ಕ್ಲೈಡ್ ಅನ್ನುವ ದರೋಡೆಕೋರರನ್ನು ಹೊಂಚು ಹಾಕಿ ಕೊಂದು ಹೆಸರು ಮಾಡಿದವನು ಇದೇ ಹೇಮರ್. ಒಬ್ಬ ಹಾಲಿ ಶಾಸಕನಿಗೆ ಒಬ್ಬ ಸರ್ಕಾರಿ ನೌಕರ ಬೀದಿಯಲ್ಲಿ ನಿಂತು ಹೀಗೆ ಹೇಳಬಹುದಾದರೆ ರ್ಯಾಂಚಿನ ಆಳಿನ ಗತಿ ಏನಿತ್ತು ಅಂತ ನೀವೇ ಊಹಿಸಿ.

1919ರ ಜನವರಿಯಲ್ಲಿ ಕನಾಲೆಸ್ ಮಸೂದೆ ತಂದರು. ರೇಂಜರ್‌ಗಳ ಸಂಖ್ಯೆ ಕಡಿಮೆ ಮಾಡಬೇಕು, ಸಂಬಳ ಜಾಸ್ತಿ ಮಾಡಬೇಕು, ಒಳ್ಳೆಯ ನಡತೆಯವರನ್ನು ಮಾತ್ರ ತೆಗೆದುಕೊಳ್ಳಬೇಕು, ಅವರು ಜಾಮೀನು ಕಟ್ಟಿರಬೇಕು. ಪಡೆಯನ್ನೇ ಮುಚ್ಚಿ ಅಂತ ಅವರು ಕೇಳಲಿಲ್ಲ. ಸಂಬಳ ಜಾಸ್ತಿ ಮಾಡಿ ಅಂದರು ನೋಡಿ, ಅದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ದನದ ಸೀಮೆಯಲ್ಲಿ ಬೆಳೆದವರಿಗೆ ಕಾವಲು ಬೇಕು ಅನ್ನುವುದು ಗೊತ್ತಿತ್ತು. ಜೊತೆಗೆ 19 ದೂರುಗಳನ್ನು ಬರೆದು ಮುಂದಿಟ್ಟರು. ಹೆಸರು, ಜಾಗ, ದಿನ ಸಮೇತ. ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸಮಿತಿಯ ಮುಂದೆ ವಿಚಾರಣೆ ನಡೆಯಿತು. ಬರೆದುಕೊಂಡದ್ದು 1,600 ಪುಟದಷ್ಟಾಯಿತು.

ಆ ಪುಟಗಳ ಸ್ಕ್ಯಾನ್ ಈಗ ರಾಜ್ಯದ ದಾಖಲೆ ಸಂಗ್ರಹದಲ್ಲಿ ಯಾರು ಬೇಕಾದರೂ ಓದಬಹುದು. ಟೈಪ್‌ರೈಟರ್ ಅಕ್ಷರ. ನಾನು ಅದರಲ್ಲಿ ಕೆಲವು ನೂರು ಪುಟ ಓದಿದ್ದೇನೆ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ. ಒಂದು ಪುಟಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಕನಾಲೆಸ್ ಸ್ವತಃ ಸಾಕ್ಷಿ ಕಟಕಟೆಯಲ್ಲಿದ್ದಾರೆ. ಎದುರು ಪಕ್ಷದ ವಕೀಲ ಕೊಲೆಗಳ ಬಗ್ಗೆ ಕೇಳುವುದನ್ನು ಬಿಟ್ಟು, ನೀವು ರಕ್ತದಿಂದ ಮೆಕ್ಸಿಕನ್ ಅಲ್ವಾ ಅಂತ ಕೇಳುತ್ತಾನೆ. ನಾನು ಮೆಕ್ಸಿಕನ್ ಅಲ್ಲ, ಅಮೆರಿಕದ ಪ್ರಜೆ ಅನ್ನುತ್ತಾರೆ. ವಕೀಲ ಬಿಡುವುದಿಲ್ಲ. ರಕ್ತದಿಂದ? ಹಾಗೆ ಬೇಕಾದರೆ ಹೇಳಿ, ಒಂದು ಪಾಲು ನಿಜ ಅಂತ ಒಪ್ಪುತ್ತಾರೆ. ಹಲವು ಬಾರಿ ಆ ಸದನಕ್ಕೆ ಆರಿಸಿ ಬಂದವರು, ಸೈನ್ಯಕ್ಕೆ ಪಡೆ ಕಟ್ಟಿಕೊಟ್ಟವರು, ಆ ಪುಟದಲ್ಲಿ ತಾನು ಯಾರು ಅಂತ ಲೆಕ್ಕ ಒಪ್ಪಿಸುತ್ತಿದ್ದಾರೆ.

ಸಮಿತಿ ತಪ್ಪುಗಳಾಗಿವೆ ಅಂತ ಒಪ್ಪಿತು. ಮಾರ್ಚ್‌ನಲ್ಲಿ ಕಾನೂನು ಬಂತು, ಕನಾಲೆಸ್ ಬರೆದದ್ದಕ್ಕಿಂತ ಸಪ್ಪೆಯಾಗಿ. ಪಡೆ ಚಿಕ್ಕದಾಯಿತು, ಜನ ದೂರು ಕೊಡಲು ದಾರಿ ಆಯಿತು. ಯಾವ ರೇಂಜರ್‌ಗೂ ಶಿಕ್ಷೆ ಆಗಲಿಲ್ಲ. ಆ 1,600 ಪುಟಗಳನ್ನು ಅಚ್ಚು ಹಾಕಿಸದೆ ಒಳಗಿಟ್ಟರು. ಅವು ಜನರ ಕೈಗೆ ಬಂದದ್ದು 1970ರ ದಶಕದಲ್ಲಿ. ಕನಾಲೆಸ್ ಮತ್ತೆ ಶಾಸನಸಭೆಗೆ ನಿಲ್ಲಲಿಲ್ಲ. ಅಷ್ಟು ಆಸೆಯಿಂದ ಏರಿದ್ದ ಏಣಿಯನ್ನು ತಾವೇ ಇಳಿದರು. 1929ರಲ್ಲಿ ಕೊರ್ಪಸ್ ಕ್ರಿಸ್ಟಿಯಲ್ಲಿ ಲುಲಾಕ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹುಟ್ಟಿದಾಗ ಅದರ ಸಂವಿಧಾನ ಬರೆಯಲು ಕೈಜೋಡಿಸಿದರು, ಮುಂದೆ ಅದರ ಅಧ್ಯಕ್ಷರೂ ಆದರು. 1951ರಲ್ಲಿ, ಬಂಡಾಯಗಾರ ಬಂಧು ಕೊರ್ತಿನಾನಿಗೆ ನ್ಯಾಯ ಸಿಗಬೇಕು ಅಂತ ಒಂದು ಪುಸ್ತಿಕೆ ಬರೆದರು. ವಕೀಲರಲ್ವಾ, ಸತ್ತವನಿಗೂ ಮರುವಿಚಾರಣೆ ಕೇಳಿದರು.

ಪಾತ್ರೋನ್‌ಗಳ ಮತ ಮಾತ್ರ ಹಾಗೇ ಉಳಿಯಿತು. ಡುವಾಲ್ ಕೌಂಟಿಯಲ್ಲಿ 1912ರಲ್ಲಿ ಚುನಾವಣೆ ದಿನ ಮೂವರು ಮೆಕ್ಸಿಕನ್ನರನ್ನು ಕೊಂದಾಗ, ಆರ್ಚಿ ಪಾರ್ ಅನ್ನುವ ಆಂಗ್ಲೊ ದನದ ಧಣಿ ಅವರ ಪರ ನಿಂತ. ಆ ನಿಲುವಿನಲ್ಲಿ ಎಷ್ಟು ಮನುಷ್ಯತ್ವ, ಎಷ್ಟು ಲೆಕ್ಕ ಅಂತ ಬಿಡಿಸಿ ಹೇಳಲು ನನಗೆ ಆಗುವುದಿಲ್ಲ. ಕೌಂಟಿ ಅವನದಾಯಿತು, ಆಮೇಲೆ ಮಗ ಜಾರ್ಜ್‌ನದಾಯಿತು. 1948ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಸೆನೆಟ್‌ಗೆ ಹೋಗುವ ಪಕ್ಷದ ಚುನಾವಣೆಯನ್ನು ಗೆದ್ದದ್ದು 87 ಮತಗಳಿಂದ. ಪಕ್ಕದ ಆಲಿಸ್ ಊರಿನ 13ನೇ ಪೆಟ್ಟಿಗೆಯಲ್ಲಿ ಕೊನೆ ಗಳಿಗೆಗೆ ಸುಮಾರು 200 ಹೆಸರು ಸೇರಿದ್ದವು, ಒಂದೇ ಶಾಯಿಯಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿ. ಆಲಿಸ್ ಇರುವುದು ಜಿಮ್ ವೆಲ್ಸ್ ಕೌಂಟಿಯಲ್ಲಿ, ಹೌದು, ಅದೇ ವೆಲ್ಸ್ ಹೆಸರಿನ ಕೌಂಟಿ. ಆ ಪಟ್ಟಿ ನೋಡಲು ಸೋತ ಅಭ್ಯರ್ಥಿಯ ಜೊತೆ ಆಲಿಸ್‌ನ ಬ್ಯಾಂಕಿಗೆ ನಡೆದು ಬಂದವನು ಮುದುಕನಾಗಿದ್ದ ಫ್ರಾಂಕ್ ಹೇಮರ್. ಪಟ್ಟಿಯಲ್ಲಿದ್ದ ಹೆಸರುಗಳು ಹೆಚ್ಚಾಗಿ ಮೆಕ್ಸಿಕನ್. ಅವರಲ್ಲಿ ಕೆಲವರು ಆ ದಿನ ನಾವು ಮತವನ್ನೇ ಹಾಕಿರಲಿಲ್ಲ ಅಂದರು.

ಕನಾಲೆಸ್ ಆಗಲೂ ಬ್ರೌನ್ಸ್‌ವಿಲ್‌ನಲ್ಲಿ ಬದುಕಿದ್ದರು. ತೀರಿಕೊಂಡದ್ದು 1976ರಲ್ಲಿ, 99ನೇ ವಯಸ್ಸಿನಲ್ಲಿ.

ನಾವು ಎರಡು ದಿನ ಕಡಲ ತೀರದಲ್ಲಿದ್ದು ವಾಪಸು ಹೊರಟೆವು. ಉತ್ತರಕ್ಕೆ ಬರುವಾಗ, ನೊರಿಯಾಸ್ ದಾಟಿ, ಸರೀಟಾ ಮುಟ್ಟುವ ಮೊದಲು ಹೆದ್ದಾರಿಯಲ್ಲೇ ತಪಾಸಣೆ ಗೇಟು ಇದೆ. ನದಿ ಎಷ್ಟೋ ಮೈಲಿ ಹಿಂದೆ ಉಳಿದಿದೆ, ಆದರೂ ಎಲ್ಲ ಕಾರುಗಳೂ ಅಲ್ಲಿ ನಿಲ್ಲಬೇಕು. ಗೇಟಿನಲ್ಲಿದ್ದವರ ಅಂಗಿ ಮೇಲಿನ ಹೆಸರು ಸ್ಪ್ಯಾನಿಷ್ ಹೆಸರು. ಅಮೆರಿಕದ ಪ್ರಜೆಗಳಾ ಅಂತ ಕೇಳಿದರು. ಅಲ್ಲ, ಭಾರತದವರು, ಕೆಲಸದ ವೀಸಾ ಅಂತ ಹೇಳಿ ಪಾಸ್‌ಪೋರ್ಟ್ ಕೊಟ್ಟೆ. ಮಗಳು ಇಲ್ಲೇ ಹುಟ್ಟಿದವಳು. ಹಿಂದಿನ ಸೀಟಿನಿಂದ ತಲೆ ಮುಂದೆ ಹಾಕಿ, ನಾನು ಹೌದು ಅಂದಳು. ಅವರು ನಕ್ಕು, ಪಾಸ್‌ಪೋರ್ಟ್ ವಾಪಸು ಕೊಟ್ಟು, ಹೋಗಿ ಅಂತ ಕೈ ಮಾಡಿದರು. ಎರಡು ನಿಮಿಷವೂ ಆಗಿರಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದೆ. ಹಿಂದಿನ ಕಾರಿನಲ್ಲಿ ಹುಲ್ಲು ಟೋಪಿಯ ಒಬ್ಬ ಮುದುಕ ಗಾಜು ಇಳಿಸುತ್ತಿದ್ದ.